ಕೆಮ್ಮು ಕಳೆದುಕೊಂಡ ದನಿ

ಬಾಯಿ ತೆರೆಯುವ ಮೊದಲು ಆಕೆ ಒಮ್ಮೆ ಕೆಮ್ಮುತ್ತಿದ್ದಳು. ಕಾಯಿಲೆಯ ಕೆಮ್ಮಲ್ಲ, ಬಾಗಿಲು ತಟ್ಟಿ ಒಳಬರುವವರ ಸಂಕೋಚದಂಥದು. ರೈಲು ನಿಲ್ದಾಣದಲ್ಲಿ ಗಾಡಿಗಳು ಬರುವುದನ್ನು ಸಾರುವುದು ಆಕೆಯ ಕೆಲಸ. ಧ್ವನಿವರ್ಧಕದಲ್ಲಿ ಆ ಸಣ್ಣ ಕೆಮ್ಮು ಕೇಳಿದ್ದೇ ತಡ, ಬೆಂಚುಗಳ ಮೇಲೆ ತೂಕಡಿಸುತ್ತಿದ್ದವರು ಚೀಲಗಳಿಗೆ ಕೈಹಾಕುತ್ತಿದ್ದರು, ತಾಯಂದಿರು ಮಕ್ಕಳನ್ನು ಹತ್ತಿರಕ್ಕೆಳೆದುಕೊಳ್ಳುತ್ತಿದ್ದರು, "ಅಕ್ಕ ಕೆಮ್ಮಿದ್ರು, ಎತ್ರೋ ಪೆಟ್ಟಿಗೆ!" ಎಂದು ಹಮಾಲರ ಮೇಸ್ತ್ರಿ ಕೂಗುತ್ತಿದ್ದ. ಹಮಾಲರ ಬಾಯಲ್ಲಿ ಆಕೆ ಕೆಮ್ಮಕ್ಕ. ಎದುರಿಗೆ ಯಾರೂ ಹಾಗೆನ್ನುತ್ತಿರಲಿಲ್ಲ, ಆಕೆಗೆ ಗೊತ್ತಿರಲಿಲ್ಲವೆಂದಲ್ಲ.

ಆಮೇಲೆ ಯಂತ್ರ ಬಂತು. ಗಾಜಿನ ಕೋಣೆಯಲ್ಲಿ ಆಕೆಯನ್ನು ಕೂರಿಸಿ ಊರುಗಳ ಹೆಸರು, ಅಂಕಿಗಳು, "ದಯವಿಟ್ಟು ಗಮನಿಸಿ", "ವಿಳಂಬಕ್ಕಾಗಿ ವಿಷಾದಿಸುತ್ತೇವೆ", ಎಲ್ಲವನ್ನೂ ಬಿಡಿಬಿಡಿಯಾಗಿ ಹೇಳಿಸಿಕೊಂಡರು. ಪೋಣಿಸಿಕೊಳ್ಳುವುದು ಕಂಪ್ಯೂಟರಿನ ಪಾಲು. "ಕೆಮ್ಮು, ಉಸಿರು ಎಲ್ಲಾ ತೆಗೆದುಬಿಟ್ಟಿದೀವಿ ಅಕ್ಕಾ, ಈಗ ನೋಡಿ ಎಷ್ಟು ಕ್ಲೀನಾಗಿದೆ" ಎಂದ ತಂತ್ರಜ್ಞ, ಉಡುಗೊರೆ ಕೊಟ್ಟವನ ಹಾಗೆ. ತನ್ನ ದನಿ ತನಗಿಂತ ಚೆನ್ನಾಗಿದೆ ಅನ್ನಿಸಿ ಆಕೆಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಆಕೆಯನ್ನು ವಿಚಾರಣೆಯ ಕಿಟಕಿಗೆ ಹಾಕಿದರು. ಬರಬರುತ್ತ ಎಲ್ಲರ ಅಂಗೈಯಲ್ಲೂ ರೈಲುಗಳ ಸಮಯ ಬೆಳಗತೊಡಗಿ, ಕಿಟಕಿಗೆ ಬರುವವರು "ಚಾರ್ಜಿಂಗ್ ಎಲ್ಲಿದೆ?" ಎಂದಷ್ಟೇ ಕೇಳುವಂತಾದರು. ಅದಕ್ಕೂ ಆಕೆ ಕೆಮ್ಮಿಯೇ ಉತ್ತರ ಶುರುಮಾಡುವಳು. ಅಷ್ಟರಲ್ಲಿ ಪ್ಲಗ್ಗು ಕಣ್ಣಿಗೆ ಬಿದ್ದು ಅವರು ಹೋಗಿಬಿಟ್ಟಿರುತ್ತಿದ್ದರು. ಮೊಣಕೈ ಸವೆದ ಬೂದು ಸ್ವೆಟರಿನಲ್ಲಿ, ಯಾರಿಗೋ ದಾರಿ ಬಿಡುವವಳಂತೆ ಗೋಡೆಯಂಚಿಗೆ ನಡೆದು ನಿಲ್ದಾಣದ ಹಿಂದಿನ ಒಂಟಿ ಕೋಣೆಗೆ ಮರಳಿದರೆ, ಅಲ್ಲಿಯೂ ಕಿಟಕಿಯಿಂದ ತನ್ನದೇ ದನಿ. "ದಯವಿಟ್ಟು ಗಮನಿಸಿ" ಎಂದು ಅದು ಅಂದರೆ, ಪಾತ್ರೆ ತೊಳೆಯುತ್ತ "ಗಮನಿಸಿದೆ ತಾಯಿ, ಮುಂದೆ ಹೇಳು" ಎನ್ನುವಳು. ಇಡೀ ದಿನದಲ್ಲಿ ಆಕೆಯೊಡನೆ ಅತಿ ಹೆಚ್ಚು ಮಾತಾಡುತ್ತಿದ್ದವಳು ಆಕೆಯೇ.

ನಿವೃತ್ತಿಯ ವರ್ಷ, ಒಂದು ಮಧ್ಯಾಹ್ನ ಯಂತ್ರ ಕೆಟ್ಟಿತು. ಒಂದನೆಯ ಪ್ಲಾಟ್‌ಫಾರಮ್ಮಿಗೆ ಬರಬೇಕಿದ್ದ ಗಾಡಿಯನ್ನು ಮೂರನೆಯದಕ್ಕೆ ತಿರುಗಿಸಿದ್ದರು. ಸ್ಟೇಷನ್ ಮಾಸ್ತರರು ಓಡಿಬಂದು, "ಅಕ್ಕಾ, ನೀವೇ ಒಂದ್ಸಲ ಹೇಳಿಬಿಡಿ" ಎಂದರು. ಯಾರೋ ನೋಡುತ್ತಾರೆಂಬಂತೆ ಆಕೆ ಸ್ವೆಟರಿನ ಗುಂಡಿ ಹಾಕಿಕೊಂಡಳು. ಕೆಮ್ಮಿದಳು. ಹೇಳಿದಳು.

ಜನ ತಲೆಯೆತ್ತಿದರು, ಮೊಬೈಲು ನೋಡಿಕೊಂಡರು, ಕೂತೇ ಇದ್ದರು. ಆಕೆ ಮೈಕಿನ ಕೋಣೆಯ ಮೆಟ್ಟಿಲಿಳಿದು ಅವರ ನಡುವೆಯೇ ಬಂದಳು.

"ಮೂರಕ್ಕೆ ಹೋಗಮ್ಮಾ, ಗಾಡಿ ಬಂದೇಬಿಡ್ತು."

"ಇದ್ರಲ್ಲಿ ಒಂದು ಅಂತಾನೇ ಇದೆಯಲ್ಲ" ಎಂದು ಯುವತಿಯೊಬ್ಬಳು ಪರದೆ ತೋರಿಸಿದಳು. "ಈಗ ಮೈಕಲ್ಲಿ ಯಾರೋ ಹೇಳಿದ್ರು, ಆದ್ರೆ ಅದು ಸ್ಟೇಷನ್ ಅಕ್ಕನ ದನಿ ಅಲ್ವೇ ಅಲ್ಲ."

"ನಾನೇ ಕಣಮ್ಮಾ ಆ ಅಕ್ಕ."

ಯುವತಿ ಕನಿಕರದಿಂದ ನಕ್ಕಳು. "ಅವರದ್ದು ಎಷ್ಟು ಸ್ಪಷ್ಟ ಇರುತ್ತೆ ಆಂಟಿ!"

ಇನ್ನೊಮ್ಮೆ ಹೇಳಹೊರಟು ಆಕೆ ಮತ್ತೆ ಕೆಮ್ಮಿದಳು. ಕೆಲಸ ಬಿಟ್ಟ ಮೇಲೂ ಅಲ್ಲೇ ಬಂದು ಕೂರುತ್ತಿದ್ದ ಹಮಾಲರ ಮುದಿ ಮೇಸ್ತ್ರಿ, ಮೈಕಿನ ಕೆಮ್ಮನ್ನು ತನ್ನ ಕಿವಿಯ ಭ್ರಮೆಯೆಂದು ಸುಮ್ಮನಿದ್ದವನು, ಈಗ ದಡಕ್ಕನೆ ಎದ್ದ. "ಅಕ್ಕ ಕೆಮ್ಮಿದ್ರು, ಏಳ್ರಪ್ಪಾ ಏಳ್ರಿ!" ಎನ್ನುತ್ತ ಕೋಲೂರಿಕೊಂಡು ಮೇಲ್ಸೇತುವೆಯತ್ತ ಹೊರಟೇಬಿಟ್ಟ. ಅವನನ್ನು ಕಂಡು ಇನ್ನೊಬ್ಬರೆದ್ದರು, ಆಮೇಲೆ ಗುಂಪೇ ಎದ್ದಿತು. ಆಕೆಯನ್ನು ನಂಬಿ ಎದ್ದವನು ಮೇಸ್ತ್ರಿಯೊಬ್ಬನೇ. ಉಳಿದವರನ್ನು ಎಬ್ಬಿಸಿದ್ದು ಹಿಂದೆ ಉಳಿದೇವೆಂಬ ಭಯ.

ಎಲ್ಲರನ್ನೂ ಹತ್ತಿಸಿಕೊಂಡು ಗಾಡಿ ಹೋಯಿತು. ಯಂತ್ರ ಆಮೇಲೆ ಸರಿಯಾಯಿತು. ಬರಿದಾದ ನಿಲ್ದಾಣದಲ್ಲಿ ಆಕೆಯದೇ ಎಳೆಯ, ಉಸಿರಿಲ್ಲದ ದನಿ, ಆಗಲೇ ಹೊರಟುಹೋದ ಗಾಡಿ ಒಂದನೆಯ ಪ್ಲಾಟ್‌ಫಾರಮ್ಮಿಗೆ ಬರಲಿದೆಯೆಂದು ಬಲು ಸ್ಪಷ್ಟವಾಗಿ ಸಾರಿತು.

"ಹೋಯ್ತು ಕಣೇ" ಎಂದಳು ಆಕೆ ಮೇಲೆ ನೋಡಿ, ತಂಗಿಗೆ ಹೇಳುವಂತೆ.

ತಮ್ಮ ಅತ್ಯುತ್ತಮವಾದುದನ್ನು ಲೋಕಕ್ಕೆ ಕೊಟ್ಟು, ಕಡೆಗೆ ಅದರೆದುರು ತಾವೇ ನಕಲಾಗಿ ನಿಲ್ಲುವವರು ಈಗ ಎಲ್ಲ ಕಡೆಯೂ ಇದ್ದಾರೆ. ಅವರ ಮಾತುಗಳನ್ನೆಲ್ಲ ನಾವು ಜೋಪಾನವಾಗಿ ತೆಗೆದಿಟ್ಟುಕೊಂಡಿದ್ದೇವೆ. ಮಾತಿಗೆ ಮುನ್ನ ಒಬ್ಬರು ನಮಗಾಗಿ ಗಂಟಲು ಸರಿಮಾಡಿಕೊಂಡ ಆ ಚಿಕ್ಕ ಸದ್ದನ್ನು ಮಾತ್ರ ಕಸವೆಂದು ಕತ್ತರಿಸಿದ್ದೇವೆ.