ಇನ್ನೊಂದು ಕೆನ್ನೆ

"ಎಳೀಬೇಡಿ, ಅಪ್ಪ ಕೆಳಗೆ ಬೀಳ್ತಾರೆ!" ಎಂದು ಮಗಳು ಕೂಗಿದರೂ ಇಬ್ಬರೂ ಕೈ ಬಿಡಲಿಲ್ಲ. ತಲೆಯ ಕಡೆ ನಿಂತ ಮೊಳೆ ಮಾಮ ಕೊಡೆ ಪಕ್ಷದ ಬಾವುಟ ಹೊದಿಸುತ್ತಿದ್ದರು; ಕಾಲಿನ ಕಡೆಯಿಂದ ಮೇಷ್ಟ್ರು ಅದನ್ನು ಜಗ್ಗಿ ಬೀಗ ಪಕ್ಷದ್ದನ್ನು ತುರುಕುತ್ತಿದ್ದರು. ನಡುವೆ, ನಿನ್ನೆ ಊಟ ಮಾಡಿ ಮಲಗಿದವರು ಏಳದೇ ಹೋದ ಕ್ಷೌರದಂಗಡಿಯ ಯಜಮಾನರು, ತಮ್ಮದೇ ಅಂಗಡಿಯ ಬೆಂಚಿನ ಮೇಲೆ ಯಾರ ಕಡೆಗೂ ವಾಲದೆ ಮಲಗಿದ್ದರು.

"ಅವರು ನಮ್ಮೋರಮ್ಮಾ," ಎಂದರು ಮೊಳೆ ಮಾಮ. ಮೂಲೆಯ ಹಾರ್ಡ್‌ವೇರ್ ಅಂಗಡಿ ಅವರದು. "ಮನಸ್ಸಲ್ಲಿ ಪಕ್ಕಾ ಕೊಡೆ."

"ಕೊಡೆ ನಿನ್ನ ತಲೆ ಮೇಲೆ ಹಿಡ್ಕೋ," ಎಂದರು ಮೇಷ್ಟ್ರು. "ನೀನೇ ಹೇಳು ತಾಯಿ, ಅಪ್ಪ ಓಟು ಹಾಕ್ತಿದ್ದದ್ದು ಯಾರಿಗೆ?"

"ಅಮ್ಮ ಇರೋವರೆಗೂ ಅಮ್ಮನಿಗೇ ಹೇಳದೋರು, ನನಗೆ ಹೇಳ್ತಾರಾ?"

ಗೋಡೆಗೊರಗಿ ಕೂತಿದ್ದ ಸೋದರತ್ತೆಗೆ ಕಿವಿ ಮಂದ. ಅಳು ನಿಲ್ಲಿಸಿ ಕೇಳಿದರು, "ಓಟಾ? ಅಣ್ಣ ಈ ಸ್ಥಿತೀಲೂ ಹೋಗ್ಬೇಕಂತಾ?"

ಮುಂದಿನ ವಾರ ಚುನಾವಣೆ. ಊರಿಗೆಲ್ಲ ಪರಿಚಯದ ಮುಖ. ಹೆಣವಾದರೇನು, ಉಪಯೋಗಕ್ಕೆ ಬರುತ್ತದೆ.

*

ಈ ಅಂಗಡಿಯಲ್ಲಿ ಅಪ್ಪನದು ಒಂದೇ ಕಾನೂನು. ಕುರ್ಚಿಯಲ್ಲಿ ಕೂತವನು ರಾಜಕೀಯ ಎತ್ತಿದರೆ, ಒಂದು ಕೆನ್ನೆ ಮುಗಿಯುತ್ತಲೇ ಕತ್ತಿ ನಿಲ್ಲುತ್ತಿತ್ತು. "ನಿಮ್ಮದಾಯ್ತಲ್ಲ ಸ್ವಾಮಿ? ಈಗ ಬೆಂಚಿನ ಮೇಲಿರೋರು ಹೇಳ್ಲಿ. ಕೇಳಿಸ್ಕೊಳ್ಳಿ. ಆಮೇಲೆ ಇನ್ನೊಂದು ಕೆನ್ನೆ."

ಅರ್ಧ ಮುಖ ಹೊತ್ತು ಬೀದಿಗಿಳಿಯುವ ಧೈರ್ಯ ಯಾರಿಗಿದೆ? ಒಮ್ಮೆ ಮೊಳೆ ಮಾಮ ಸಿಟ್ಟಿನಲ್ಲಿ ಎದ್ದು ಹೋಗಿದ್ದರು. ಹೆಂಡತಿ ಬಾಗಿಲು ತುಸುವೇ ತೆರೆದು, "ಪೂರ್ತಿ ಆದ್ಮೇಲೆ ಬನ್ನಿ," ಎಂದು ಮುಚ್ಚಿಕೊಂಡರಂತೆ. ಬಾಲ ಮುದುರಿಕೊಂಡು ಬಂದು, ನೊರೆ ಒಣಗುವವರೆಗೂ ಮೇಷ್ಟ್ರ ಭಾಷಣ ಕೇಳಿದರು. ಹೋಗುವಾಗ, "ಮೇಷ್ಟ್ರು ಹೇಳಿದ್ರಲ್ಲಿ ಒಂದು ಮಾತು ಸರಿ. ಯಾವುದು ಅಂತ ಮಾತ್ರ ಹೇಳಲ್ಲ," ಎಂದಿದ್ದರು.

ಆಮೇಲೆ ಎಲ್ಲರ ಕೈಗೂ ಫೋನು ಬಂತು. ಬೆಂಚಿನ ಮೇಲಿದ್ದವರು ತಲೆ ತಗ್ಗಿಸಿ, ತಮ್ಮ ಕಡೆಯವರ ಮಾತಿಗೆ ತಾವೇ ತಲೆದೂಗುತ್ತ ಕೂರತೊಡಗಿದರು. ಒಂದು ದಿನ ಕೊಡೆಯವರ ಗುಂಪಿನಲ್ಲಿ ಸುದ್ದಿ: ಕ್ಷೌರದವನು ಬೀಗದವನಂತೆ, ಕೊಡೆಯವರ ಕುತ್ತಿಗೆಗೆ ಬೇಕಂತಲೇ ಗಾಯ ಮಾಡ್ತಾನಂತೆ. ಬೀಗದವರ ಗುಂಪಿನಲ್ಲೂ ಅದೇ ಸುದ್ದಿ, ಪಕ್ಷ ಮಾತ್ರ ಅದಲುಬದಲು. ಕುತ್ತಿಗೆ ಯಾರಿಗೆ ಬೇಡ? ಎರಡೂ ಕಡೆಯವರು ಬರುವುದು ಬಿಟ್ಟರು. ಕೆಲವರು ಗಡ್ಡವನ್ನೇ ಬಿಟ್ಟರು.

ಅಪ್ಪ ಖಾಲಿ ಕುರ್ಚಿ ಒರೆಸುತ್ತ ಹೇಳುತ್ತಿದ್ದರು: "ಗಿರಾಕಿ ಬರ್ದಿದ್ರೆ ಹೋಗ್ಲಿ ಮಗಳೇ, ಜಗಳ ಆಡೋಕಾದ್ರೂ ಯಾರಾದ್ರೂ ಬರಬಾರದಾ?"

*

"ಬಾವುಟ ಆಮೇಲೆ. ಮೊದಲು ಅಪ್ಪನ ಗಡ್ಡ ತೆಗೀಬೇಕು," ಎಂದು ಮಗಳು ಬ್ರಷ್ಷು ತೆಗೆದುಕೊಂಡಳು. ಕತ್ತಿ ಹಿಡಿಯುವುದನ್ನು ಕಲಿಸಿದವರೇ ಅವರು. ಎಡಗೆನ್ನೆ ನುಣ್ಣಗಾಯಿತು. ಗಲ್ಲದ ಕೆಳಗೆ ಅವರು ದಿನವೂ ಬಿಟ್ಟುಬಿಡುತ್ತಿದ್ದ ನಾಲ್ಕು ಬಿಳಿ ಕೂದಲು ಕಂಡಾಗ ಅವಳ ಕಣ್ಣು ಮಂಜಾಯಿತು. ಕಣ್ಣೊರೆಸಿಕೊಂಡಳು. ಕತ್ತಿ ಮಡಿಸಿದಳು.

"ಯಾಕಮ್ಮಾ ನಿಲ್ಲಿಸ್ದೆ?"

"ಈಗ ನೀವಿಬ್ರು. ಒಬ್ಬರು ಹೇಳ್ಬೇಕು, ಒಬ್ಬರು ಕೇಳ್ಬೇಕು. ಆಮೇಲೆ ಇನ್ನೊಂದು ಕೆನ್ನೆ."

"ಹೆಣ ಇಟ್ಕೊಂಡು ಇದೆಂಥ ಹಠ!"

"ಹೆಣದ ಮುಂದೆ ಬಾವುಟ ತಂದೋರು ನಾನಲ್ಲ ಮಾಮ."

ಶವದ ವ್ಯಾನಿನ ಡ್ರೈವರ್ ಬಾಗಿಲಲ್ಲಿ ಇಣುಕಿ, "ಆಯ್ತಾ?" ಎಂದವನು, ಅರ್ಧ ನೊರೆಯ ಮುಖ ಕಂಡು ಹಾಗೇ ಹಿಂದೆ ಸರಿದ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನಿಮ್ಮೋರು ನಮ್ಮ ವಾಚನಾಲಯ ಮುಚ್ಸಿದ್ರು. ಬೆಳಿಗ್ಗೆ ಎದ್ದು ಎಲ್ಲಿ ಹೋಗ್ಲಿ ನಾನು?"

ಮೊಳೆ ಮಾಮ ಬಾಯಿ ತೆರೆದರು. ಮಗಳು ಕತ್ತಿಯ ಕಡೆ ನೋಡಿದಳು. ಮುಚ್ಚಿದರು. ಮೇಷ್ಟ್ರದು ಮುಗಿದ ಮೇಲೆ ಅವರ ಸರದಿ: "ಮುಚ್ಚಿದ್ದು ತಪ್ಪೇ. ಆದ್ರೆ ನಿಮ್ಮೋರು ರಸ್ತೆ ಅಗೆದು ಹಾಗೇ ಬಿಟ್ರಲ್ಲ? ನನ್ನ ಅಂಗಡಿ ಮುಂದೆ ಎಷ್ಟು ಜನ ಬಿದ್ರು ಗೊತ್ತಾ?"

"ನಾನೂ ಬಿದ್ದೆ," ಎಂದರು ಮೇಷ್ಟ್ರು ಮೆಲ್ಲಗೆ. "ಯಾರಿಗೂ ಹೇಳ್ಲಿಲ್ಲ. ನಮ್ಮ ಪಕ್ಷದ ಗುಂಡಿ ನೋಡು."

ಮೊಳೆ ಮಾಮ ನಗೆ ತಡೆಯಲು ಕೆಮ್ಮಿದರು. ಕೆಮ್ಮು ಸಾಕಾಗಲಿಲ್ಲ. ಮಣ್ಣಿಗೆಂದು ಬಂದು ಬಾಗಿಲಲ್ಲಿ ನಿಂತಿದ್ದವರು ಒಬ್ಬೊಬ್ಬರಾಗಿ ಒಳಗೆ ಬಂದು ತಮ್ಮ ಗುಂಡಿ, ತಮ್ಮ ನಲ್ಲಿ, ತಮ್ಮ ದೀಪದ ಕಂಬದ ಮಾತು ತೆಗೆದರು. "ಜೋರಾಗಿ ಮಾತಾಡ್ರೋ, ಅಣ್ಣನಿಗೆ ಕೇಳಿಸ್ಬೇಕು," ಎಂದರು ಅತ್ತೆ.

ಆ ಗದ್ದಲದಲ್ಲೇ ಮಗಳು ಇನ್ನೊಂದು ಕೆನ್ನೆ ಮುಗಿಸಿದಳು. ನೊರೆ ಒರೆಸಲು ಅತ್ತೆ ಕೈಗೆ ಸಿಕ್ಕಿದ ಬಟ್ಟೆ ಕೊಟ್ಟರು. ಅದು ಯಾವ ಪಕ್ಷದ್ದೆಂದು ಯಾರೂ ನೋಡಲಿಲ್ಲ.

ವ್ಯಾನಿನಲ್ಲಿ ಡ್ರೈವರ್ ಪಕ್ಕ ಇದ್ದದ್ದು ಒಂದೇ ಸೀಟು. ಮೇಷ್ಟ್ರೂ ಮೊಳೆ ಮಾಮನೂ ಅದರಲ್ಲೇ ತುರುಕಿಕೊಂಡರು. ಮಗಳು ಅತ್ತೆಯನ್ನು ಕೂರಿಸಿಕೊಂಡು ಸ್ಕೂಟರಿನಲ್ಲಿ ಹಿಂದೆ ಹೊರಟಳು. ನಾಲ್ಕು ರಸ್ತೆ ಕೂಡುವಲ್ಲಿ ಸ್ಮಶಾನಕ್ಕೆ ಎಡಕ್ಕೆ ತಿರುಗಬೇಕು. ವ್ಯಾನು ನೇರ ಹೋಯಿತು.

"ದಾರಿ ತಪ್ತಲ್ಲೇ! ಹಾರ್ನ್ ಹೊಡಿ!" ಎಂದು ಅತ್ತೆ ಬೆನ್ನಿಗೆ ತಿವಿದರು.

ಮಗಳು ಹೊಡೆಯಲಿಲ್ಲ. ಮುಂದೆ, ವ್ಯಾನಿನ ಹಿಂಬದಿ ಗಾಜಿನಾಚೆ ನಾಲ್ಕು ಕೈಗಳು ಒಂದೇ ಸಮನೆ ಏಳುತ್ತ ಬೀಳುತ್ತ ಇದ್ದವು. ನೋಡುತ್ತಿದ್ದಂತೆ ಐದನೆಯದೊಂದೂ ಎದ್ದಿತು: ಡ್ರೈವರ್ ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಇನ್ನೊಂದನ್ನು ಎತ್ತಿ, ತನ್ನದೂ ಒಂದು ಮಾತು ಹೇಳುತ್ತಿದ್ದ.