ತಂದೆಯ ಹೆಸರು: ಸದರಿ

ನಿಂತಿತು, ಮಾಯವಾಯಿತು, ಮತ್ತೆ ನಿಂತಿತು — ಕಂಪ್ಯೂಟರ್ ಪರದೆಯ ಖಾಲಿ ಚೌಕದೊಳಗೆ ಆ ಸಣ್ಣ ಗೆರೆ, ಅವಳ ಊರು ದುಬಲಗುಂಡಿಯಲ್ಲಿ ಸಂಜೆ ಕುರಿದಡ್ಡಿಯ ಬಾಗಿಲಲ್ಲಿ ಅಪ್ಪ ಎತ್ತಿ ಇಳಿಸುವ ಕೋಲಿನ ಹಾಗೆ, ಎತ್ತಿದರೆ ಒಂದು ಕುರಿ ಒಳಗೆ, ಇಳಿಸಿದರೆ ತಡೆ, ಮತ್ತೆ ಎತ್ತಿದರೆ ಇನ್ನೊಂದು, ಅಪ್ಪ ಎಂದೂ ಎಣಿಸುವವನಲ್ಲ, ಎಣಿಸಿದರ ದೃಷ್ಟಿ ತಾಗ್ತದ ಮಗಳ, ಮಾರಿ ನೋಡಬೇಕು, ಯಾವುದು ಬಂದಿಲ್ಲ ಅಂತ ಬಂದವೇ ಹೇಳ್ತಾವ — ಮಗಳು ಸಾಕ್ಷಿಯೂ ಹಾಗೆ ಒಂದೊಂದರ ಮುಖ, ಮಾರಿ, ನೋಡಿದ್ದರೆ ಸಾಕಿತ್ತು, ನೋಡಲಿಲ್ಲ, ತನ್ನ ಬೆರಳುಗಳ ಓಟ ನೋಡುತ್ತ ಕೂತಳು, ಬಲಗೈ ಅಂಕಿಗಳ ಮೇಲೆ, ಎಡಗೈ ಚೌಕದಿಂದ ಚೌಕಕ್ಕೆ ಜಿಗಿಸುವ ಟ್ಯಾಬಿನ ಮೇಲೆ, ಮೌಸನ್ನು ಮುಟ್ಟುವುದೆಂದರೆ ಅವಮಾನ, ಹುಮನಾಬಾದಿನಲ್ಲಿ ಇಷ್ಟು ವೇಗವಾಗಿ ಟ್ಯಾಕ್ಸಿನ ಫಾರ್ಮು ತುಂಬುವವಳು ತಾನೊಬ್ಬಳೇ ಎಂದು, ತುಂಬುವವರು ಬೇರೆ ಯಾರೂ ಇಲ್ಲದ್ದರಿಂದ ಅದು ನಿಜವೂ ಆಗಿತ್ತು, ಮತ್ತು ಈಗ ಶನಿವಾರ ಮಧ್ಯಾಹ್ನ ಒಂದೂವರೆ, ಜುಲೈ ಮೂವತ್ತೊಂದು, ಕೊನೆಯ ದಿನ, ಮೂರೂವರೆಯ ಬೀದರ ಬಸ್ಸಿಗೆ ಮುಡಬಿಯ ನಲವತ್ತೊಂದು ಶಿಕ್ಷಕರ ಫಾರ್ಮು ಹೋಗಬೇಕು, ನಲವತ್ತೊಂದಕ್ಕೂ ತಂದೆಯ ಹೆಸರು ದೇವಿಂದ್ರಪ್ಪ. ಅವಳ ಅಪ್ಪ. ತಲೆಗೆ ರುಮಾಲು ಸುತ್ತಿ, ಹೆಗಲಿಗೆ ಕಂಬಳಿ ಹಾಕಿ, ಈ ಹೊತ್ತಿನಲ್ಲಿ ಯಾವುದೋ ಬೇವಿನ ನೆರಳಲ್ಲಿ ಕೂತಿರುವ ಅಪ್ಪನಿಗೆ ಇಷ್ಟು ಮಂದಿ ಸರಕಾರಿ ನೌಕರಿಯ ಮಕ್ಕಳು ಹುಟ್ಟಿದ ಸುದ್ದಿಯೇ ಇಲ್ಲ.

ನಗಬಾರದು, ಆದರೆ ನಗು ಗಂಟಲಲ್ಲೇ ಕೂತಿದೆ — ಹೇಗಾಯಿತೆಂದರೆ ಮೊದಲನೆಯ ಸಾಲು ಅವಳದೇ, ಎರಡು ತಿಂಗಳ ಹಿಂದೆ ಈ ಆಫೀಸಿನ ಟ್ಯಾಕ್ಸ್ ವಕೀಲರು ಕಲಿಯಲಿಕ್ಕೆಂದು, ಮೊದಲ ನಿನ್ನ ಹೆಸರೇ ತುಂಬವ್ವ, ತಪ್ಪಾದ್ರ ಯಾರೂ ಜಗಳಕ್ಕ ಬರಂಗಿಲ್ಲ, ಅಂದಿದ್ದರು, ಅವಳು ತುಂಬಿದಳು, ಹೆಸರು ಸಾಕ್ಷಿ, ತಂದೆ ದೇವಿಂದ್ರಪ್ಪ, ಪಗಾರ, ಅಂದರೆ ಸಂಬಳ, ಸೊನ್ನೆ, ಪರದೆಯ ಮೇಲೆ ಅಪ್ಪನ ಹೆಸರು ಚಂದ ಕಂಡಿತು, ಅಳಿಸಲು ಮನಸ್ಸಾಗಲಿಲ್ಲ, ಮತ್ತು ಆಮೇಲೆ ಸಿಕ್ಕಿತು ಎಫ್ ನಾಲ್ಕು, ಆ ಒಂದು ಕೀಲಿ, ಒತ್ತಿದರೆ ಮೇಲಿನ ಸಾಲೆಲ್ಲ ಕೆಳಗೆ ಇಳಿದು ಬರುತ್ತದೆ, ಅಂಚೆ, ತಾಲೂಕು, ಪಿನ್ನು, ವಾರ್ಡು, ಬೇರೆ ಇದ್ದದ್ದನ್ನಷ್ಟೇ ತಿದ್ದಿದರಾಯಿತು, ತಂದೆಯ ಚೌಕವೊಂದು ಬೆರಳಿಗೆ ಮರೆತೇಹೋಯಿತು. ಇಪ್ಪತ್ತೆಂಟು ವರ್ಷದಿಂದ ವಕೀಲರ ಗುಮಾಸ್ತರಾಗಿರುವ ದತ್ತಾತ್ರಿ ಕಾಕಾ, ಫಾರ್ಮಿನ ಮುಂಚೆ ಎಲ್ಲವನ್ನೂ ರಜಿಸ್ಟರಿನಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆಯುವವರು, ಮೇಲೆ ಬರೆದದ್ದೇ ಕೆಳಗೂ ಬಂದರೆ ಸದರಿ ಎಂದು ಬರೆದು ಬಾಲ ಎಳೆಯುವವರು, ನಿನ್ನ ಡಬ್ಬಿಗೆ ಸದರಿ ಅನ್ನೋದು ತಿಳೀತದೇನು, ಅಂದಿದ್ದರು. ಇಲ್ನೋಡ್ರಿ ಕಾಕಾ, ಅಂದವಳೇ ಎಫ್ ನಾಲ್ಕು ಒತ್ತಿದಳು, ಒಂದು ಸಲ, ಹತ್ತು ಸಲ, ಅವರ ಮೂರು ದಿನದ ಕೆಲಸ ಒಂದು ಮುಂಜಾನೆಯಲ್ಲಿ, ಕಾಕಾ ಕನ್ನಡಕ ತೆಗೆದು ಒರೆಸಿಕೊಂಡರು, ಒರೆಸಿ ಹಾಕಿಕೊಂಡು ಇಷ್ಟೇ ಹೇಳಿದರು, ಸದರಿ ಎಲ್ಲಿ ಬರೀಬೇಕು ಅನ್ನೋದು ಒಂದು ವಿದ್ಯಾ, ಎಲ್ಲಿ ಬರೀಬಾರದು ಅನ್ನೋದು ಇನ್ನೊಂದು — ಆಗ ಅವಳು ಹೊಟ್ಟೆಕಿಚ್ಚು ಅಂದುಕೊಂಡಳು.

ಇವತ್ತು ಶಾಲೆ ಬೆಳಗಿನದಷ್ಟೇ, ಬಿಟ್ಟ ಕೂಡಲೇ ಜೀಪು ಹಿಡಿದು ಸಹಿ ಹಾಕಲು ಬಂದ ಮುಡಬಿಯವರು ಮಾಣಿಕನಗರದ ರಸ್ತೆಯ ಈ ಆಫೀಸಿನ ಕಟ್ಟೆ ತುಂಬಿದರು, ಉರ್ದು ಶಾಲೆಯ ಅನ್ವರಿ ಟೀಚರು ಮಾತ್ರ ಓದಿ ಸಹಿ ಹಾಕುವ ಜಾತಿ, ಓದಿದರು, ಯಾ ಅಲ್ಲಾ, ನಮ್ಮ ಅಬ್ಬಾ ದೇವಿಂದ್ರಪ್ಪ ಯಾವಾಗ ಆದರವ್ವ, ಅವರಿಗೆ ಯಾರರೆ ತಿಳಿಸ್ಯಾರೇನು? ಪಕ್ಕದ ಅಂಬಾದಾಸ ಮಾಸ್ತರು ತಮ್ಮದನ್ನು ನೋಡಿ, ನಂದೂ ದೇವಿಂದ್ರಪ್ಪನೇ ಅದರಿ, ಹಂಗಾದ್ರ ನೀವು ನಮಗ ಅಕ್ಕಾ ಆದ್ರಿ, ಬರೋ ಪಂಚಮಿಗೆ ತವರಿಗೆ ಬರ್ರಿ. ಬರ್ತೇನಿ ತಮ್ಮಾ, ಎಳ್ಳುಂಡಿ ಕಟ್ಟಿಡು, ಸೀರಿನೂ ತಗದಿಡು. ಕಟ್ಟೆಯೆಲ್ಲ ಹೋ ಎಂದಿತು, ಸಾಕ್ಷಿಯ ಕಿವಿ ಮಾತ್ರ ಸುಟ್ಟವು, ಯಾಕೆಂದರೆ ಒಳಗಿನ ಕುರ್ಚಿಯಿಂದ ಶಿವರಾಜ ವಕೀಲರು ಎದ್ದು ಬಂದು ಬಾಗಿಲಲ್ಲಿ ನಿಂತಿದ್ದರು, ಅವರು ಮೊದಲೇ ಹೇಳಿದ್ದರು, ಮುಡಬಿಯದು ಸರಿಯಾಗಿ ಬೀದರ ಮುಟ್ಟಿದರ ಈ ಕುರ್ಚಿ ನಿಂದು, ಇಲ್ಲಂದ್ರ ಡಬ್ಬಿ ನಮ್ಮನಿಗಿ ಹೋಗ್ತದ, ಹುಡುಗುರು ಆಟಾ ಆಡಲಿ, ನೀನೂ ದುಬಲಗುಂಡಿ ಬಸ್ ಹಿಡಿ — ಈಗ ಗಡಿಯಾರ ನೋಡಿದರು. ಬಸವಕಲ್ಯಾಣದಲ್ಲಿ ಶರಣರು ಎಲ್ಲರನ್ನೂ ಒಂದೇ ಮನೆಯವರನ್ನಾಗಿ ಮಾಡಲು ಹೋಗಿ ಊರೇ ಚೆದುರಿಹೋಯಿತಂತೆ, ನಾನು ಒಂದೇ ಕೀಲಿಯಿಂದ ಮಾಡಿ ಮುಗಿಸಿದೆ, ಯಾರೂ ಒಂದು ಕಲ್ಲೂ ಎಸೆಯಲಿಲ್ಲ, ಮೇಲಾಗಿ ಚಹಾ ತರಿಸಿದ್ದಾರೆ, ಸಾಕ್ಷಿ, ನಗಬೇಡ, ಬಸ್ಸು ಮೂರೂವರೆಗೆ.

ಒಂದೊಂದೇ ಫಾರ್ಮು ತೆರೆದು ಮುಚ್ಚಿದರೆ ಸಂಜೆಯಾಗುತ್ತದೆ, ಬೇಡ, ಪಟ್ಟಿಯನ್ನೇ ತೆರೆ, ಉಳಿದ ಕಂಬಸಾಲುಗಳನ್ನೆಲ್ಲ ಮುಚ್ಚು, ಹೆಸರು ಮತ್ತು ತಂದೆ ಎರಡೇ ಇರಲಿ, ತಂದೆಯ ಕಂಬಸಾಲನ್ನು ನಿನ್ನದೊಂದು ಬಿಟ್ಟು ಪೂರ್ತಿ ಖಾಲಿ ಮಾಡು — ಅಪ್ಪ ನಲವತ್ತೊಂದು ಮನೆಗಳಿಂದ ಒಮ್ಮೆಲೇ ಎದ್ದು ಹೋದ, ತನ್ನದೊಂದರಲ್ಲಿ ಉಳಿದ — ಹೇಳ್ರಿ ಒಬ್ಬೊಬ್ಬರೇ, ಅಪ್ಪನ ಹೆಸರು, ಹೊಡೆ, ಎಂಟರ್, ಕೆಳಗೆ. ದತ್ತಾತ್ರಿ ಕಾಕಾ ಎಲ್ಲಿಂದಲೋ ಅಂಟಿನ ಕಾಗದ ತಂದು ಎಫ್ ನಾಲ್ಕರ ಮೇಲೆ ಅಂಟಿಸಿ ಹೆಬ್ಬೆರಳಿಂದ ಒತ್ತಿದರು. ಯಾರೋ ಕಾಲರು ಸರಿಮಾಡಿಕೊಂಡು ಹೇಳುತ್ತಾರೆ, ಯಾರೋ ಕೈಲಾಸವಾಸಿ ಅಂತನೂ ಹಾಕವ್ವ ಅನ್ನುತ್ತಾರೆ, ಆ ಚೌಕದಾಗ ಹಿಡಿಸಂಗಿಲ್ರಿ ಸರ್, ಅನ್ವರಿ ಟೀಚರು ಅಬ್ಬಾನ ಹೆಸರಿಗೆ ಮುಂದೊಂದು ಹಿಂದೊಂದು ಸಾಹೇಬ್ ಸೇರಿಸಿದರು, ಶಾಲೆಯಲ್ಲಿ ಹಾಜರಿ ಕೂಗುವವರೇ ಇಲ್ಲಿ ಹಾಜರಿ ಹೇಳುತ್ತಿದ್ದಾರೆ, ತಮ್ಮದಲ್ಲ, ಅಪ್ಪಂದಿರದು, ಒಮ್ಮೆ ಸಾಲಾಗಿ ಮೂವರಿಗೂ ಮಾಣಿಕಪ್ಪ, ಮಾಣಿಕಪ್ಪ, ಮಾಣಿಕಪ್ಪ, ಮಾಣಿಕನಗರದ ಪ್ರಭುಗಳ ಮಠ ಹತ್ತಿರವಿದ್ದರೆ ಹೀಗೆಯೇ, ಎಡಗೈ ತಾನಾಗಿ ಎಫ್ ನಾಲ್ಕರತ್ತ ಹೋಗಿ ಕಾಗದ ತಾಗಿ ಹಿಂದೆ ಬಂತು, ಇಲ್ಲ, ಮೂರು ಸಲವೂ ಅಕ್ಷರ ಅಕ್ಷರ ಹೊಡೆಯುತ್ತೇನೆ, ಮೂರು ಮಾಣಿಕಪ್ಪರ ಮಾರಿ ಬೇರೆ ಬೇರೆ. ಮತ್ತು ಮಾಣಿಕಮ್ಮ ಟೀಚರು, ಬಸವಕಲ್ಯಾಣದ ಮಗಳು, ಮುಡಬಿಯ ಸೊಸೆ, ಬರುವ ವರ್ಷ ರಿಟೈರು, ಅಪ್ಪನ ಹೆಸರೇನ್ರಿ ಟೀಚರ್? ಅದೇ, ನಮ್ಮ ಮನ್ಯಾಗಿನವರದು. ಯಜಮಾನರದು ಬ್ಯಾಡ್ರಿ, ಮದುವಿ ಆದರೂ ಇಲ್ಲಿ ಅಪ್ಪಂದೇ ಬೇಕು. ಅದನ್ನೇ ಹೇಳಾಕತ್ತೇನಲ್ಲವ್ವ, ಅವರದೇ. ಅಯ್ಯ, ಅಪ್ಪನ ಬದಲು ಗಂಡನನ್ನು ತಂದವರಲ್ಲಿ ಇವರು ಐದನೆಯವರು, ಹೆಂಗಸರಿಗೆ ಅಪ್ಪನ ಹೆಸರು ಕೇಳಿದರೆ ಯಾರೋ ಮರೆತ ಪೆಟ್ಟಿಗೆಯ ಕೀಲಿ ಕೇಳಿದ ಹಾಗೆ ನೋಡುತ್ತಾರೆ, ಉಳಿದ ನಾಲ್ವರು ತಡವರಿಸಿ ಆಮೇಲೆ ಹೇಳಿದರು, ಇವರು ನಕ್ಕು ಸೆರಗು ಬಾಯಿಗಿಟ್ಟುಕೊಂಡು ಕಟ್ಟೆಗೆ ಹೋದರು, ಮುಂದಿನವರು ಬರ್ರಿ, ಹೊತ್ತಿಲ್ಲ.

ಪ್ರಿಂಟರು ಕಿರ್ರೆಂದು ತೂತುಅಂಚಿನ ಕಾಗದ ಎಳೆಯುತ್ತಿದೆ, ಕಾಕಾ ಹರಿದು ಹರಿದು ಸಹಿಗೆ ಕೊಡುತ್ತಿದ್ದಾರೆ, ಗಡಿಯಾರ ಮೂರು ಹೊಡೆದು ಹತ್ತು ನಿಮಿಷವಾಗಿದೆ, ವಕೀಲರು, ಎಲ್ಲಾ ಆದವೇನು, ಎಣಿಸಿದಿ? ಎಣಿಸಲಿಲ್ಲ, ಪಟ್ಟಿಯ ಮೇಲಿಂದ ಕೆಳಗೆ ಒಮ್ಮೆ ಕಣ್ಣು ಇಳಿಸಿದಳು, ಕಟ್ಟೆಯ ಮಾರಿಗಳನ್ನೂ ನೋಡಿದಳು, ಒಂದು ಬಂದಿಲ್ಲ ಸರ್, ಮಾಣಿಕಮ್ಮ ಟೀಚರದು, ಖಾಲಿ ಚೌಕ, ಗೆರೆ ನಿಂತಿತು, ಮಾಯವಾಯಿತು. ಟೀಚರ್, ಕೈ ಮುಗೀತೇನಿ, ಬಸ್ ಹೋಗ್ತದ, ನನ್ನ ಕುರ್ಚಿನೂ ಹೋಗ್ತದ, ಅಪ್ಪನ ಹೆಸರೊಂದು ಹೇಳ್ರಿ. ಮಾಣಿಕಮ್ಮನ ಮುಖ ಕೆಂಪಾಯಿತು, ಅವ್ವ, ಎಷ್ಟು ಸಲ ಹೇಳ್ಲಿ, ನಮ್ಮಪ್ಪಂದೂ ಅದೇ ಹೆಸರು, ಇವರದೂ ಅದೇ ಹೆಸರು, ಇವರ ಹೆಸರು ಹೇಳಬಾರದು ಅಂತ ಲಗ್ನ ಆದಾಗಿಂದ ಅಪ್ಪಂದೂ ಹೇಳಿಲ್ಲ, ಮೂವತ್ತೆರಡು ವರ್ಷ ಆಯ್ತು! ಪ್ರಿಂಟರಿನ ಪಕ್ಕ ನಿಂತಿದ್ದ ದತ್ತಾತ್ರಿ ಕಾಕಾ, ಇಪ್ಪತ್ತೆಂಟು ವರ್ಷದಲ್ಲಿ ಈ ಆಫೀಸಿನೊಳಗೆ ಹಲ್ಲು ತೋರಿಸದವರು, ಕುಲುಕುಲು ನಕ್ಕು, ಹಂಗಾದ್ರ ಇದೊಂದ ಖರೇನ ಸದರಿ. ಬರೆದುಕೊಡ್ರಿ ಟೀಚರ್, ಬಾಯಿಲೆ ಬ್ಯಾಡ, ಎಂದು ಸಾಕ್ಷಿ ಚೀಟಿ ಚಾಚಿದಳು, ಟೀಚರು ಚೀಟಿ ನೋಡಿದರು, ಕಟ್ಟೆಯತ್ತ ನೋಡಿದರು, ಸೆರಗು ಬಾಯಿಂದ ತೆಗೆದರು, ಇಲ್ಲವ್ವ, ನಮ್ಮಪ್ಪಗ ಮಗಳ ಬಾಯಿಲೆ ಹೆಸರು ಕೇಳದೆ ಎಷ್ಟು ದಿನ ಆಯ್ತೋ, ಹಾಕು, ಬಸವಣಪ್ಪ — ತರಗತಿಯ ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ — ಬಸವಣಪ್ಪ! ಮುಡಬಿಗೂ ಕೇಳ್ತು ಬಿಡ್ರಿ, ಇವತ್ತು ಅಡಿಗಿ ನಿಮ್ಮ ಮನ್ಯಾಗಿನವರೇ ಮಾಡ್ತಾರ, ಅಂದರು ಅಂಬಾದಾಸ ಮಾಸ್ತರು, ಅನ್ವರಿ ಟೀಚರು ಚಪ್ಪಾಳೆ ಹೊಡೆದರು, ಸಾಕ್ಷಿಯ ಬೆರಳು ಅಕ್ಷರ ಅಕ್ಷರವಾಗಿ ಬಸವಣಪ್ಪನನ್ನು ಒಳಗೆ ಬಿಟ್ಟವು, ಎಂಟರ್.

ಕಾಕಾ ಕಟ್ಟು ಬಗಲಿಗಿಟ್ಟುಕೊಂಡು ಓಡಿದ್ದು, ಬಸ್ಸಿನ ಹಾರ್ನು, ಕಟ್ಟೆ ಖಾಲಿಯಾದದ್ದು, ಎಲ್ಲ ಒಂದರ ಮೇಲೊಂದು, ಮತ್ತು ಬೆನ್ನ ಹಿಂದೆ ವಕೀಲರ ಉಸಿರು, ಮತ್ತೆ ಪೂರ್ತಿ ತೆರೆದ ಪಟ್ಟಿಯ ತುದಿಗೆ ಬೆರಳಿಟ್ಟು, ಇದ್ಯಾರದು, ಮೊದಲನೇ ಸಾಲು? ನಂದ್ರಿ ಸರ್, ಕಲಿಯಾಕ ತುಂಬಿದ್ದು, ಅಳಿಸಿಬಿಡ್ತೇನಿ. ಅಳಿಸಬ್ಯಾಡ, ಸೋಮವಾರದಿಂದ ಬಸವಕಲ್ಯಾಣದ ದುಕಾನದವರ ಫಾರ್ಮು ಸುರು ಮಾಡೋದದ, ಪಗಾರದಾಗ ಸೊನ್ನಿ ಅದಲ್ಲ, ಅದೊಂದು ತಿದ್ದು — ಎಷ್ಟು ಎಂದು ಹೇಳಿದರು, ಕಿವಿಗೆ ಬಿತ್ತು, ಒಳಗೆ ಹೋಗಲಿಲ್ಲ, ಬೆರಳು ಟ್ಯಾಬು ಒತ್ತಿತು, ಪಗಾರದ ಚೌಕ ಇನ್ನೂ ಒಂದು ಜಿಗಿತ ದೂರ, ನಡುವೆ ತಂದೆಯ ಹೆಸರು, ದೇವಿಂದ್ರಪ್ಪ, ತಡೆ, ಮೊದಲು ಮಾರಿ ನೋಡಬೇಕು, ಅದರ ಕೊನೆಯ ಅಕ್ಷರದ ಪಕ್ಕ ಆ ಸಣ್ಣ ಗೆರೆ, ರುಮಾಲು, ಕಂಬಳಿ, ಎತ್ತಿದ ಕೋಲು — ನಿಂತಿತು, ಮಾಯವಾಯಿತು, ಮತ್ತೆ ನಿಂತಿತು