ತಮ್ಮನ ನೀಲಿ ಅಂಗಿ

ನನ್ನ ತಮ್ಮ ಸತ್ತದ್ದು ಒಂದೇ ಸಲ. ಆಮೇಲೆ ಅವನನ್ನು ಮತ್ತೆ ಮತ್ತೆ ಸಾಯಿಸಿದವರೆಲ್ಲ ಸಾಹಿತಿಗಳು, ಕಲಾವಿದರು.

ದೇಶದ ದೊಡ್ಡ ರೈಲು ನಿಲ್ದಾಣಗಳಲ್ಲೆಲ್ಲ ಒಂದೇ ಹೊತ್ತಿಗೆ ಬಾಂಬು ಸಿಡಿದ ಆ ಬೆಳಗ್ಗೆ ಅವನು ನಮ್ಮೂರಿನ ನಿಲ್ದಾಣದಲ್ಲಿದ್ದ. ಯಾಕೆ? ಹಿಂದಿನ ಸಂಜೆ ನನ್ನ ಛತ್ರಿಯನ್ನು ರೈಲಿನಲ್ಲಿ ಮರೆತು ಬಂದಿದ್ದ. ನಾನು ಬೈದಿದ್ದಕ್ಕೆ, ಮರೆತ ಸಾಮಾನುಗಳನ್ನು ಇಡುವ ಕಿಟಕಿಯ ಮುಂದೆ ಹೋಗಿ ನಿಂತಿದ್ದ. ಇಷ್ಟೇ. ಕೇಳಿದವರಿಗೆಲ್ಲ ಇದನ್ನೇ ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ಆದರೆ ಛತ್ರಿ ಯಾರಿಗೂ ಬೇಡ. ಮರುದಿನ ಪತ್ರಿಕೆಗಳಲ್ಲೆಲ್ಲ ನೀಲಿ ಅಂಗಿಯ ಅವನ ಫೋಟೋ ಬಂದದ್ದೇ ಸಾಕು, ಎಲ್ಲರೂ ಅವನ ಬಗ್ಗೆ ಬರೆಯತೊಡಗಿದರು. ಮೊದಲು ಬಂದ ಪದ್ಯದಲ್ಲಿ ಅವನು ಹೊಸ ಸೂರ್ಯನನ್ನು ಎದುರುಗೊಳ್ಳಲು ಹೋಗಿದ್ದ. ಆಮೇಲಿನ ಕಾದಂಬರಿಯಲ್ಲಿ ಪ್ರೇಯಸಿಯನ್ನು ಬೀಳ್ಕೊಡಲು ಹೋಗಿದ್ದ. ನನ್ನ ತಮ್ಮನಿಗೆ ಪ್ರೇಯಸಿ! ಹುಡುಗಿಯರು ಎದುರಾದರೆ ತನ್ನ ಚಪ್ಪಲಿಯನ್ನೇ ನೋಡಿಕೊಂಡು ನಡೆಯುತ್ತಿದ್ದವನು. ಚೌಕದ ಗೋಡೆಯ ಮೇಲೆ ಬಿಡಿಸಿದ ಚಿತ್ರದಲ್ಲಂತೂ ಛತ್ರಿ ಹೋಗಿ ಬಾವುಟವಾಯಿತು, ನರಪೇತಲ ತಮ್ಮನಿಗೆ ಪೈಲ್ವಾನನ ಭುಜ ಬಂತು. ಆ ಗೋಡೆಯ ಮುಂದೆಯೇ ನಾನು ದಿನಾ ಬಸ್ಸು ಹತ್ತಬೇಕು.

ಇದು ಸಾಲದು ಎಂಬಂತೆ ನನ್ನ ಹಣೆಬರಹ ನೋಡಿ, ನಾನು ನಾಟಕ ಮಂದಿರದಲ್ಲಿ ಉಡುಪಿನ ಕೋಣೆ ನೋಡಿಕೊಳ್ಳುವವಳು. ಆ ದಿನದ ನೆನಪಿಗೆ ಪ್ರತಿ ವರ್ಷ ಅಲ್ಲಿ ಹೊಸ ನಾಟಕವಾಗಲೇಬೇಕು. ಅದರಲ್ಲಿ ಯಾರಾದರೊಬ್ಬ ನೀಲಿ ಅಂಗಿ ತೊಟ್ಟು ನನ್ನ ತಮ್ಮನಾಗಿ ಸಾಯಲೇಬೇಕು. ಸಕ್ಕರೆ ಪಾಕಕ್ಕೆ ಕೆಂಪು ಬಣ್ಣವನ್ನೂ ಚೂರು ಕಾಫಿ ಪುಡಿಯನ್ನೂ ಕಲಸಿ ಅವನ ಅಂಗಿಗೆ ಬಳಿಯುವುದು, ಪ್ರದರ್ಶನ ಮುಗಿದ ಮೇಲೆ ಒಗೆದು ಮರುದಿನದ ಸಾವಿಗೆ ಒಣಗಿಸಿಡುವುದು ನನ್ನ ಕೆಲಸ. ಬಿಟ್ಟುಬಿಡು ಎನ್ನುತ್ತಾರೆ ಜನ. ಬಿಟ್ಟು ಏನು ಮಾಡಲಿ? ನನಗೆ ಬರುವುದು ಇದೊಂದೇ.

ಈ ವರ್ಷದ ನಿರ್ದೇಶಕ ಹೊಸಬ. ಯಾರ ಜೊತೆ ಮಾತಿಗೆ ನಿಂತರೂ "ಮೊದಲು ಉಸಿರು ತಗೊಳ್ಳಿ" ಅನ್ನುತ್ತಿದ್ದ. ಬಂದ ವಾರದಲ್ಲೇ ನಾವು ಅವನಿಗೆ ಉಸಿರಪ್ಪ ಎಂದು ಹೆಸರಿಟ್ಟೆವು. ಅವನ ನಾಟಕದಲ್ಲಿ ಮಾತಿಲ್ಲ, ನಟರಿಲ್ಲ. ಖಾಲಿ ರಂಗದ ಮಧ್ಯೆ ಮೇಲಿಂದ ಇಳಿಬಿಟ್ಟ ಒಂದು ಅಂಗಿ, ಅದರ ಮೇಲೆ ಬೆಳಕು, ಕೊನೆಯವರೆಗೂ ಮೌನ. ನಟರ ಕಾಟ ತಪ್ಪಿತಲ್ಲ ಎಂದು ನಾನು ಖುಷಿಯಾಗಿದ್ದಾಗಲೇ ಅವನು ಉಡುಪಿನ ಕೋಣೆಗೆ ಬಂದ.

"ಮೇಡಂ, ಮೊದಲು ಉಸಿರು ತಗೊಳ್ಳಿ."

"ತಗೊಳ್ತಾನೇ ಇದೀನಿ, ಹೇಳಿ."

"ನಿಮ್ಮ ತಮ್ಮನ ಅಂಗಿ ಮನೇಲಿದೆಯಂತೆ. ಅವತ್ತು ಹಾಕ್ಕೊಂಡಿದ್ದು."

ಯಾವ ಬಾಯಿಬಡುಕ ಹೇಳಿದನೋ. "ಇದೆ. ಕೊಡಲ್ಲ," ಎಂದೆ.

"ಅದು ನಿಮ್ಮದಲ್ಲ ಮೇಡಂ, ದೇಶದ್ದು."

"ದೇಶಕ್ಕೆ ಆ ಅಳತೆ ಆಗಲ್ಲ, ಹೋಗಿ."

ಅಂಗಿ ಇದ್ದದ್ದು ನಿಜ. ಆಸ್ಪತ್ರೆಯವರು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟಾಗ ಪಕ್ಕದಲ್ಲಿದ್ದ ಪೊಲೀಸ್ ಅಧಿಕಾರಿ, "ಒಗೀಬೇಡಿ ಅಮ್ಮಾ, ಸಾಕ್ಷಿ ಇದು, ಬೇಕಾದಾಗ ಬಂದು ತಗೊಂಡ್ಹೋಗ್ತೀವಿ" ಎಂದಿದ್ದ. ಯಾರೂ ಬರಲಿಲ್ಲ. ಅಧಿಕಾರಿ ನಿವೃತ್ತನಾದ, ಮೊಕದ್ದಮೆ ಎಲ್ಲೋ ಧೂಳು ತಿನ್ನುತ್ತ ಬಿತ್ತು. ಅಮ್ಮ ಮಾತ್ರ ಆ ಮಾತನ್ನು ಮೀರಲಿಲ್ಲ. ನಮ್ಮಮ್ಮ ಎಂಥವಳು ಅಂದರೆ, ನೆಂಟರು ಕೈ ಒರೆಸಿದ ಬಟ್ಟೆಯನ್ನು ಅವರು ಹೊಸ್ತಿಲು ದಾಟುವ ಮೊದಲೇ ನೆನೆಹಾಕುವವಳು. ಅಂಥವಳ ಬೀರುವಿನಲ್ಲಿ ಮಗನ ಅಂಗಿ ಹಾಗೇ ಕೂತಿತ್ತು. ಬೀರು ತೆರೆದಾಗೆಲ್ಲ ಅವಳು ಆ ಚೀಲವನ್ನು ಒಮ್ಮೆ ಮುಟ್ಟಿ, ಕೈ ಹಿಂದೆ ತೆಗೆದುಕೊಳ್ಳುತ್ತಿದ್ದಳು.

ಉಸಿರಪ್ಪ ನನ್ನ ಬೆನ್ನ ಹಿಂದೆ ನೇರ ಅಮ್ಮನ ಹತ್ತಿರವೇ ಹೋದ. ಸಂಜೆ ನಾನು ಮನೆಗೆ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

"ಕೊಡ್ತೀನಿ ಅಂದ್ಬಿಟ್ಟೆ ಕಣೇ," ಎಂದಳು ಅಮ್ಮ.

"ನಿಂಗೇನು ತಲೆ ಕೆಟ್ಟಿದೆಯಾ ಅಮ್ಮಾ? ಅದನ್ನ ನೇತುಹಾಕಿ ಊರಿಗೆಲ್ಲ ತೋರಿಸ್ತಾನೆ ಅವನು!"

"ಪಾಪ, ಒಳ್ಳೆ ಹುಡುಗ. ಮಾತು ಮಾತಿಗೂ ಉಸಿರು ಉಸಿರು ಅಂತಿದ್ದ. ಉಬ್ಬಸ ಗಿಬ್ಬಸ ಇದೆಯೇನೇ ಅವನಿಗೆ?"

"ಅಮ್ಮಾ!"

"ಕಿರುಚಬೇಡ. ಇಷ್ಟು ವರ್ಷ ನನ್ನ ಮಗನ್ನ ಯಾರ‍್ಯಾರೋ ಏನೇನೋ ಮಾಡಿದ್ರು. ಅವನು ಆಡದೇ ಇರೋ ಮಾತನ್ನೆಲ್ಲ ಆಡಿಸಿದ್ರು. ಅಂಗಿ ಆದ್ರೂ ಅವನದ್ದೇ ಅಲ್ವಾ? ಅದನ್ನ ಯಾರೂ ಬದಲಾಯಿಸಕ್ಕಾಗಲ್ಲ."

ವಾದದಲ್ಲಿ ಸೋತಾಗ ಎಲ್ಲ ಹೆಣ್ಣುಮಕ್ಕಳೂ ತಾಯಿಯ ಮುಂದೆ ಮಾಡುವುದನ್ನೇ ನಾನೂ ಮಾಡಿದೆ. ಮುಖ ಊದಿಸಿಕೊಂಡು ಕೂತೆ. ಮರುದಿನ ರಜೆ; ಮಧ್ಯಾಹ್ನದವರೆಗೂ ಊದಿದ ಮುಖದಲ್ಲೇ ಇದ್ದು, ದಿಂಬಿನ ಚೀಲ ಒಣಹಾಕಲು ಮಹಡಿಗೆ ಹೋದೆ. ತಂತಿಯ ಮೇಲೆ ತಮ್ಮನ ಅಂಗಿ ನೇತಾಡುತ್ತಿತ್ತು. ಒಗೆದದ್ದು. ತುದಿಯಿಂದ ಇನ್ನೂ ನೀರು ಇಳಿಯುತ್ತಿತ್ತು.

ಅಮ್ಮ ಮೆಟ್ಟಿಲ ಬಾಗಿಲಲ್ಲಿ ನಿಂತಿದ್ದಳು. ಸೋಪಿಗೆ ಅವಳ ಕೈ ಕೆಂಪಗಾಗಿ ಸುಕ್ಕುಗಟ್ಟಿತ್ತು.

"ತಣ್ಣೀರಿಗೆ ಉಪ್ಪು ಹಾಕಿ ನೆನೆಸಿದ್ದೆ," ಎಂದಳು. "ಬಿಸಿನೀರು ಹಾಕಿದ್ರೆ ಕೂತ್ಬಿಡುತ್ತೆ. ಎಷ್ಟು ಹಳೇದು, ಹೋಗುತ್ತೋ ಇಲ್ವೋ ಅಂದ್ಕೊಂಡಿದ್ದೆ. ಬೆಳಗಿಂದ ಉಜ್ಜಿದೆ. ಪಕ್ಕೆ ಹತ್ರ ಹರಿದಿತ್ತಲ್ಲ, ಒಣಗಿದ ಮೇಲೆ ಅದನ್ನೂ ಹೊಲೀತೀನಿ."

"ಯಾಕಮ್ಮಾ?"

"ಯಾಕೆ ಅಂದ್ರೆ? ಅಷ್ಟು ಜನರ ಮುಂದೆ ಹಾಗೇ ಕಳಿಸ್ಲಾ? ನೋಡಿದವರು ಇದಕ್ಕೆ ತಾಯಿ ಇಲ್ಲ ಅಂದ್ಕೊಳ್ಳಲ್ವಾ?"

ಆ ದಿನ ಅಮ್ಮ ಎರಡನೆಯ ಸಲ ಬಡಿಸಿಕೊಂಡು ಊಟ ಮಾಡಿದಳು. ಹೊಲಿದು, ಇಸ್ತ್ರಿ ಮಾಡಿ, ಹಿಂದೊಮ್ಮೆ ಸವೆದಿದ್ದಾಗ ತಾನೇ ಬಿಚ್ಚಿ ತಿರುವಿ ಹೊಲಿದಿದ್ದ ಕಾಲರನ್ನು ಬೆರಳಿನಿಂದ ಒತ್ತಿ ನಿಲ್ಲಿಸಿ, ಮಡಿಸಿ ನನ್ನ ಕೈಗಿಟ್ಟಳು. ಅವಳ ಮುಖ ಅಷ್ಟು ಹಗುರವಾದದ್ದನ್ನು ನಾನು ತಮ್ಮ ಹೋದ ಮೇಲೆ ನೋಡಿಯೇ ಇರಲಿಲ್ಲ. ನೀನು ಮಾಡಿದ್ದು ತಪ್ಪು ಎಂದು ಇವಳಿಗೆ ಯಾರೂ ಹೇಳಕೂಡದು ಎಂದು ಆಗಲೇ ನಿಶ್ಚಯಿಸಿದೆ.

ಉಸಿರಪ್ಪ ಪೊಟ್ಟಣ ಬಿಚ್ಚಿ ನೋಡಿ ತಲೆ ಮೇಲೆ ಕೈ ಹೊತ್ತು ಕೂತ.

"ಒಗೆದ್ರಾ?"

"ಇಸ್ತ್ರಿನೂ ಮಾಡಿದಾರೆ."

"ಇತಿಹಾಸಾನೇ ಒಗೆದ್ಬಿಟ್ರಲ್ಲ ಮೇಡಂ! ಅಮ್ಮಂಗೆ ಒಂದು ಮಾತು ತಿಳಿಸಿ ಹೇಳಬಾರದಿತ್ತಾ? ನಾನೇ ಹೋಗಿ ಕೇಳ್ತೀನಿ, ಯಾಕೆ ಹೀಗೆ ಮಾಡಿದ್ರಿ ಅಂತ."

"ಉಸಿರು ತಗೊಳ್ಳಿ," ಎಂದೆ, ಬಾಗಿಲು ಹಾಕಿಕೊಂಡು. "ಅವರ ಹತ್ರ ಈ ವಿಷಯ ಎತ್ತಿದ್ರೆ ಚೆನ್ನಾಗಿರಲ್ಲ. ನಿಮಗೆ ಬೇಕಿರೋದು ಕೊಳೆ ಅಂಗಿ ತಾನೇ? ನಾನು ಮಾಡ್ಕೊಡ್ತೀನಿ."

ಮಾಡಿಕೊಟ್ಟೆ. ಅದೇ ನೀಲಿಯ ಬಟ್ಟೆ ಹುಡುಕಿ ಹೊಲಿದೆ, ಪಕ್ಕೆಯಲ್ಲಿ ಹರಿದೆ, ಪಾಕ ಬಳಿದೆ. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು, ಬಾಯಿ ತನ್ನಷ್ಟಕ್ಕೆ ಬೈಯುತ್ತಿತ್ತು. ಇದು ನಾನು ಮಾಡಿದ್ದು ಎಂದು ಚೆನ್ನಾಗಿ ಗೊತ್ತಿದ್ದೂ ಅವನು ಅದನ್ನು ನೋಡಿ ಕಣ್ಣೊರೆಸಿಕೊಂಡ. "ಅದಕ್ಕಿಂತ ಇದೇ ನಿಜವಾಗಿದೆ," ಎಂದ. ಹಾಗಾದರೆ ನಮ್ಮ ಮನೆವರೆಗೂ ಯಾಕಪ್ಪಾ ಹೋಗಿದ್ದೆ ಎಂದು ಕೇಳಬೇಕೆನಿಸಿತು. ಬಾಗಿಲಲ್ಲಿ ಇಡಲು ಬರೆಸಿದ್ದ "ಆ ಬೆಳಗಿನ ನಿಜವಾದ ಸಾಕ್ಷಿ" ಎಂಬ ಫಲಕವನ್ನೂ ಅವನು ಬದಲಾಯಿಸಲಿಲ್ಲ. ಮಡಿಸಿದ ಅಂಗಿಯನ್ನು ಮನೆಗೆ ಒಯ್ದರೆ ಅಮ್ಮ ಕಾರಣ ಕೇಳುತ್ತಾಳೆಂದು ನನ್ನ ಕೈಚೀಲದಲ್ಲೇ ಇಟ್ಟುಕೊಂಡೆ. ಮೊದಲ ದಿನ ಸೀಟು ಸಿಗಲಿಲ್ಲ, ಆಮೇಲೆ ಕರೆದುಕೊಂಡು ಹೋಗುತ್ತೇನೆ ಎಂದು ಅವಳಿಗೆ ಸುಳ್ಳು ಹೇಳಿದೆ.

ಆದರೆ ಉಸಿರಪ್ಪ ಅವತ್ತು ನನಗೆ ಹೇಳದೆ ಮನೆಗೆ ಕಾರು ಕಳಿಸಿದ್ದ. ಪರದೆ ಏಳುವ ಮುಂಚೆ ನಾನು ರಂಗದ ಪಕ್ಕದಿಂದ ಇಣುಕಿದರೆ, ಮುಂದಿನ ಸಾಲಿನಲ್ಲಿ, ಮಂತ್ರಿಗಳ ಪಕ್ಕ, ಒಳ್ಳೆಯ ಸೀರೆ ಉಟ್ಟುಕೊಂಡು ಅಮ್ಮ ಕೂತಿದ್ದಾಳೆ! ಅವಳ ಹತ್ತಿರ ಓಡಿಹೋಗುವಷ್ಟರಲ್ಲಿ ದೀಪ ಆರಿತು.

ಬೆಳಕು ಬಿತ್ತು. ಅಂಗಿ ಇಳಿಯಿತು. ಯಾರೋ ಆಗಲೇ ಬಿಕ್ಕಲು ಶುರುಮಾಡಿದ್ದರು. ಆ ಮೌನದಲ್ಲಿ ಅಮ್ಮನ ದನಿ ಕೊನೆಯ ಸಾಲಿನವರೆಗೂ ಕೇಳಿಸಿತು.

"ಅಯ್ಯೋ! ಒಗೆದು ಕೊಟ್ಟಿದ್ನಲ್ಲ! ಯಾರು ಮತ್ತೆ ಹೀಗೆ ಮಾಡಿದ್ದು?"

ತಡೆಯಲು ಯಾರಿಗೂ ಧೈರ್ಯವಾಗಲಿಲ್ಲ. ಅವಳು ಪಕ್ಕದ ಮೆಟ್ಟಿಲು ಹತ್ತಿ ಬಂದು, ತುದಿಗಾಲಲ್ಲಿ ನಿಂತು, ಅಂಗಿಯನ್ನು ಎಳೆದುಕೊಂಡಳು. ಕರವಸ್ತ್ರದ ತುದಿಗೆ ಎಂಜಲು ಹಚ್ಚಿ, ಚಿಕ್ಕಂದಿನಲ್ಲಿ ನಮ್ಮ ಕೆನ್ನೆ ಒರೆಸುತ್ತಿದ್ದ ಹಾಗೆ, ಅದನ್ನು ಉಜ್ಜತೊಡಗಿದಳು. ಹಸಿ ಬಣ್ಣ ಕರವಸ್ತ್ರಕ್ಕೂ ಅವಳ ಬೆರಳಿಗೂ ಹತ್ತಿತು. ಜನ ಒಬ್ಬೊಬ್ಬರಾಗಿ ಎದ್ದು ನಿಂತರು. ಚಪ್ಪಾಳೆ ಶುರುವಾಯಿತು. ಮಂತ್ರಿಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಉಸಿರಪ್ಪ ನನ್ನ ತೋಳು ಹಿಡಿದು, "ಮೇಡಂ, ದಿನಾ ಬರ್ತಾರಾ ಕೇಳಿ ನೋಡಿ," ಎಂದು ಪಿಸುಗುಟ್ಟಿದ.

ಅವನ ಕೈ ಕೊಡವಿಕೊಂಡು, ಕೈಚೀಲ ಎತ್ತಿಕೊಂಡು ರಂಗಕ್ಕೆ ಹೋದೆ. ಅಮ್ಮ ತಲೆ ಎತ್ತಲಿಲ್ಲ.

"ಹೋಗ್ತಿಲ್ಲ ಕಣೇ. ಉಜ್ಜಿದಷ್ಟೂ ಹರಡ್ತಿದೆ. ನಾನು ಅಷ್ಟು ಚೆನ್ನಾಗಿ ತೆಗೆದಿದ್ದೆ."

"ಅಮ್ಮಾ, ಅದು ಅವನದ್ದಲ್ಲ. ನಾನು ಹೊಲಿದಿದ್ದು. ಕಾಲರ್ ನೋಡು."

ಅವಳು ಕಾಲರ್ ಮಗುಚಿ ನೋಡಿದಳು. ತಿರುವಿ ಹೊಲಿದ ಗುರುತಿರಲಿಲ್ಲ. ಮೂಸಿ ನೋಡಿದಳು.

"ಅವನದ್ದು ಎಲ್ಲಿ ಹಾಗಾದ್ರೆ?"

ಚೀಲ ತೆರೆದು ತೋರಿಸಿದೆ. ಅವಳು ತನ್ನ ಕೆಂಪು ಬೆರಳುಗಳನ್ನು ದೂರ ಹಿಡಿದುಕೊಂಡು ಒಳಗೆ ಬಗ್ಗಿ ನೋಡಿದಳು.

"ಏನೂ ಆಗಿಲ್ವಾ ಅದಕ್ಕೆ?"

"ಏನೂ ಆಗಿಲ್ಲಮ್ಮ. ನೀನು ಮಡಿಸಿಕೊಟ್ಟ ಹಾಗೇ ಇದೆ."

ಅಮ್ಮನ ಕೈಯಲ್ಲಿದ್ದದ್ದು ಕೆಳಗೆ ಬಿತ್ತು. "ಸದ್ಯ," ಎಂದಳು. ಎಲ್ಲರ ಮುಂದೆ ನನ್ನ ಹೆಗಲಿಗೆ ಹಣೆಯಿಟ್ಟು ಒಂದು ಗಳಿಗೆ ನಿಂತಳು. ನನಗೂ ಅಳು ತಡೆಯಲಾಗಲಿಲ್ಲ. ಚಪ್ಪಾಳೆ ಇನ್ನೂ ಜೋರಾಯಿತು.

"ಇವರೆಲ್ಲ ಯಾಕೇ ಚಪ್ಪಾಳೆ ಹೊಡೀತಿದಾರೆ?" ಎಂದು ಕೇಳಿದಳು.

"ಗೊತ್ತಿಲ್ಲಮ್ಮ. ನೀನು ನಡಿ, ಕೈ ತೊಳ್ಕೊಳ್ಳುವಂತೆ."